ಪರನಾಡಿನಲ್ಲಿ ಬೆಳೆದ ಮಗು



ಶಾರ್ಜಾದಲ್ಲಿ ಬೆಳೆದ ಹುಡುಗನೊಬ್ಬ ಹದಿನೇಳರ ಪ್ರಾಯದಲ್ಲಿ ಮಂಗಳೂರಿಗೆ ಮರಳಿ ನನ್ನ ತರಗತಿಗೆ ಸೇರಿದ. ಕುರ್‌ಆನನ್ನು ಸೊಗಸಾಗಿ ಓದುತ್ತಿದ್ದ. ಆದರೆ ಬಸ್ಸಿನ ಕನ್ನಡ ಬೋರ್ಡು ಓದಲು ತಿಳಿಯದು. ಒಂದು ದಿನ ಅವನ ಕನ್ನಡ ಉಚ್ಚಾರ ಕೇಳಿ ತರಗತಿ ನಕ್ಕಿತು. ನಾನೂ ನಕ್ಕೆ. ಮರುದಿನದಿಂದ ಅವನು ಬಾಯಿ ತೆರೆಯಲಿಲ್ಲ. ನನ್ನ ತಪ್ಪು ನನಗೆ ಅರಿವಾದದ್ದು ಬುಖಾರಿಯಲ್ಲಿರುವ ಒಂದು ಹದೀಸನ್ನು ಮತ್ತೆ ಓದಿದಾಗ.

ಕ್ರಿ.ಶ. 615ರಲ್ಲಿ ಮಕ್ಕಾದ ಹಿಂಸೆ ತಾಳಲಾರದೆ ಮುಸ್ಲಿಮರ ತಂಡವೊಂದು ಕಡಲು ದಾಟಿ ಅಬಿಸೀನಿಯಾಕ್ಕೆ ಹಿಜರತ್ ಹೋಯಿತು. ನಂತರ ಇನ್ನಷ್ಟು ಮಂದಿ ಹೋದರು. ಹೀಗೆ ಹೋಗಿದ್ದ ಖಾಲಿದ್ ಬಿನ್ ಸಈದ್(ರ)ರಿಗೆ ಅಲ್ಲಿಯೇ ಒಂದು ಹೆಣ್ಣು ಮಗು ಹುಟ್ಟಿತು. ಅವರೇ ಉಮ್ಮು ಖಾಲಿದ್(ರ). ಹಿಜರಿ 7ರಲ್ಲಿ ಕುಟುಂಬ ಮದೀನಾಕ್ಕೆ ಬಂತು. ತಂದೆಗೆ ಅದು ತನ್ನವರ ಬಳಿಗೆ ಮರಳಿದ ಸಂತೋಷ; ಮಗುವಿಗೆ ಮಾತ್ರ ಅದು ಕಂಡರಿಯದ ನೆಲ.

ಒಮ್ಮೆ ಪ್ರವಾದಿವರ್ಯರ(ಸ) ಬಳಿಗೆ ಬಟ್ಟೆಗಳು ಬಂದವು. ಅವುಗಳಲ್ಲಿ ಚಿತ್ತಾರವಿದ್ದ ಚಿಕ್ಕ ಕಪ್ಪು ಉಡುಪೊಂದಿತ್ತು. ಯಾರಿಗೆ ತೊಡಿಸೋಣವೆಂದು ಕೇಳಿದರು. ಎಲ್ಲರೂ ಮೌನ. ಆಗ ಉಮ್ಮು ಖಾಲಿದ್(ರ)ರನ್ನು ಕರೆತರಲು ಹೇಳಿದರು. ಬಾಲಕಿಯನ್ನು ಎತ್ತಿಕೊಂಡು ತಂದರು. ಪ್ರವಾದಿವರ್ಯರು(ಸ) ಸ್ವಹಸ್ತದಿಂದ ತೊಡಿಸಿ, ಬಹುಕಾಲ ಉಡುವಂತಾಗಲೆಂದು ಹರಸಿ, ಚಿತ್ತಾರವನ್ನು ತೋರಿಸುತ್ತಾ 'ಸನಾಹ್' ಎಂದರು. ಅಬಿಸೀನಿಯಾದ ಭಾಷೆಯಲ್ಲಿ ಅದಕ್ಕೆ 'ಚೆನ್ನಾಗಿದೆ' ಎಂದರ್ಥ.

ಅರಬಿಯಲ್ಲಿ ಪದಗಳಿಗೆ ಬರವಿತ್ತೇ? ಖಂಡಿತ ಇಲ್ಲ. ಮಗು ಬೆಳೆದ ನೆಲದ ಮಾತಿನಲ್ಲೇ ಮಗುವನ್ನು ಬರಮಾಡಿಕೊಂಡ ರೀತಿಯದು. ಆ ಬಾಲಕಿ ಮುಂದೆ ಝುಬೈರ್(ರ)ರ ಪತ್ನಿಯಾದರು, ಹದೀಸ್ ವರದಿಗಾರರಾದರು. ಈ ಘಟನೆಯನ್ನು ನಮಗೆ ತಲುಪಿಸಿದವರೂ ಅವರೇ. ದೊಡ್ಡವರಾದ ಮೇಲೂ ಆ ಒಂದು ಪದವನ್ನು ಅವರು ಮರೆತಿರಲಿಲ್ಲ.

ಇನ್ನು ನಮ್ಮ ಕರಾವಳಿಯ ಮಕ್ಕಳನ್ನು ನೋಡಿರಿ. ಗಲ್ಫ್ ನಾಡುಗಳಲ್ಲಿ ಹುಟ್ಟಿ ಬೆಳೆದ ಮಾತ್ರಕ್ಕೆ ವಿದೇಶೀಯರ ಮಕ್ಕಳಿಗೆ ಪೌರತ್ವ ಸಿಗದು. ಯುಎಇಯಲ್ಲಿ ಹಿಂದೆ 18 ದಾಟಿದ ಮಗ ತಂದೆಯ ವೀಸಾದಲ್ಲಿ ಉಳಿಯಬೇಕಾದರೆ ವಿದ್ಯಾರ್ಥಿಯಾಗಿರಬೇಕಿತ್ತು. 2022ರ ಅಕ್ಟೋಬರ್‌ನಿಂದ ಅವಿವಾಹಿತರಿಗೆ ಈ ಮಿತಿ 25. ಅಂದರೆ ಪ್ರಾಯಕ್ಕೆ ಬರುವ ಹೊತ್ತಿಗೇ 'ನಾನು ಎಲ್ಲಿಯವನು?' ಎಂಬ ಪ್ರಶ್ನೆ ಎದುರು ನಿಲ್ಲುತ್ತದೆ. ಅಲ್ಲಿ ಅವನು ಪರದೇಶಿ. ಇಲ್ಲಿಯೂ ನಾವು ನಕ್ಕರೆ ಅವನು ಎಲ್ಲಿಗೆ ಹೋಗಬೇಕು?

ಹೆತ್ತವರೇ, ರಜೆಗೆ ಊರಿಗೆ ಬರುವಾಗ ಪೆಟ್ಟಿಗೆ ತುಂಬಿಸುವಷ್ಟೇ ಕಾಳಜಿಯಿಂದ ಮಕ್ಕಳಿಗೆ ಕನ್ನಡದ ಅಕ್ಷರಗಳನ್ನೂ ಕಲಿಸಿರಿ. ಊರಿನವರೇ, ಮರಳಿ ಬಂದ ಮಗುವಿನ ತೊದಲು ಮಾತನ್ನು ಅಣಕಿಸಬೇಡಿರಿ. ಪರಸ್ಪರ ಅಪಹಾಸ್ಯವನ್ನು ಕುರ್‌ಆನ್ ಸ್ಪಷ್ಟವಾಗಿ ನಿಷೇಧಿಸಿದೆ.

ನಾನು ಆ ಹುಡುಗನಲ್ಲಿ ತರಗತಿಯ ಮುಂದೆಯೇ ಕ್ಷಮೆ ಕೇಳಿದೆ. ಕಿರಿಯರಿಗೆ ಕುರ್‌ಆನ್ ಪಾರಾಯಣ ಕಲಿಸುವ ಹೊಣೆ ಅವನಿಗೆ ಕೊಟ್ಟೆ. ಸಂಜೆ ಅವನಿಗೆ ಕನ್ನಡ ಕಲಿಸಿದೆ. ಅವನು ಮತ್ತೆ ಮಾತಾಡಿದ.

ನಮ್ಮ ನಾಲಗೆಗಳನ್ನು ಅಲ್ಲಾಹನು ಮೃದುಗೊಳಿಸಲಿ. ಆಮೀನ್.