ಅಡುಗೆಯ ಪಾತ್ರೆಯಲ್ಲಿ ಸೀಸ

ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವ ಪ್ರಯಾಣಿಕನು ಅಡುಗೆಪಾತ್ರೆಗಳ ದೀರ್ಘ ಇತಿಹಾಸದ ಮೇಲೆಯೇ ಸಾಗುತ್ತಾನೆ ಎನ್ನಬಹುದು. ಅಶೋಕನ ಶಾಸನದಿಂದ ಪ್ರಸಿದ್ಧವಾದ ಮಸ್ಕಿಯಲ್ಲಿ ಬಿ. ಕೆ. ಥಾಪರ್ ಅವರು 1954ರಲ್ಲಿ ಉತ್ಖನನ ನಡೆಸಿದಾಗ ಕೆಳಗಿನ ಸ್ತರದಲ್ಲಿ ಮಂಕು ಬೂದುಬಣ್ಣದ ಮಡಕೆಗಳೂ, ಅದರ ಮೇಲಿನ ಸ್ತರದಲ್ಲಿ ಕಬ್ಬಿಣದ ಉಪಕರಣಗಳೊಡನೆ ಕಪ್ಪು-ಕೆಂಪು ಮಡಕೆಗಳೂ ದೊರೆತವು. ಅದೇ ವರ್ಷ ನಮ್ಮ ಸಂಸತ್ತು ಆಹಾರ ಕಲಬೆರಕೆ ತಡೆ ಕಾಯಿದೆಯನ್ನು ಅಂಗೀಕರಿಸಿತು. ಈ ಎರಡಕ್ಕೂ ಪರಸ್ಪರ ಸಂಬಂಧವೇನೂ ಇಲ್ಲ. ಆದರೆ ಹಿಂದಿನವರ ಸಾದಾ ಮಣ್ಣಿನ ಗಡಿಗೆಗೆ ಬೇಕಾಗದಿದ್ದ ಕಾನೂನು ಇಂದಿನ ಲೋಹದ ಪಾತ್ರೆಗೆ ಏಕೆ ಬೇಕಾಯಿತು, ಬಂದ ಕಾನೂನು ಎಲ್ಲಿಯವರೆಗೆ ತಲಪುತ್ತದೆ ಎಂಬುದನ್ನು ವಿಚಾರಿಸಲು ಇದೊಂದು ನೆಪವಾಗಲಿ.

ಈ ಸೀಮೆಯ ಮನೆಗಳಲ್ಲಿ ಜೋಳದ ರೊಟ್ಟಿಗೆ ಪುಂಡಿಪಲ್ಯವಿದ್ದರೆ ಊಟ ಕಳೆಗಟ್ಟುತ್ತದೆ. ಪುಂಡಿಯ ಹುಳಿ ಅದರ ಎಲೆಯಲ್ಲಿರುವ ಸಾವಯವ ಆಮ್ಲಗಳಿಂದ ಬಂದದ್ದು. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಇಂಥ ಹುಳಿಯನ್ನು ಬರಿಯ ತಾಮ್ರದ ಅಥವಾ ಹಿತ್ತಾಳೆಯ ಪಾತ್ರೆಯಲ್ಲಿಟ್ಟರೆ ಗಾಳಿಯಲ್ಲಿನ ಆಮ್ಲಜನಕದ ನೆರವಿನಿಂದ ತಾಮ್ರವು ಕರಗಿ ಲವಣವಾಗುತ್ತದೆ. ನಮ್ಮ ಅಜ್ಜಿಯರು ‘ಕಿಲುಬು’ ಎಂದು ಕರೆದುದು ಇದನ್ನೇ. ಇದಕ್ಕೆ ಪ್ರತಿಯಾಗಿ ಕಂಡುಕೊಂಡ ಉಪಾಯ ಕಲಾಯಿ. 1954ರ ಕಾಯಿದೆಯ ನಿಯಮಗಳು ಈ ಲೋಕಾನುಭವವನ್ನೇ ಶಾಸನದ ಮಾತಿಗೆ ಇಳಿಸಿದವು: ತುಕ್ಕುಹಿಡಿದ ಪಾತ್ರೆ, ಎನಾಮಲು ಚಕ್ಕೆ ಎದ್ದು ತುಕ್ಕಾದ ಪಾತ್ರೆ, ಸರಿಯಾಗಿ ಕಲಾಯಿಯಾಗದ ತಾಮ್ರ-ಹಿತ್ತಾಳೆಯ ಪಾತ್ರೆ, ನಿಗದಿತ ಮಾನಕಕ್ಕೆ ಹೊಂದದ ಅಲ್ಯೂಮಿನಿಯಂ ಪಾತ್ರೆ—ಇವುಗಳಲ್ಲಿ ತಯಾರಾದ ಆಹಾರವನ್ನು ಸೇವನೆಗೆ ಅಯೋಗ್ಯವೆಂದೇ ಎಣಿಸತಕ್ಕದ್ದು. ಮುಂದೆ ಈ ಕಾಯಿದೆಯ ಸ್ಥಾನಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಮಾನಕಗಳ ಕಾಯಿದೆ ಬಂದಿತು.

‘ಸರಿಯಾಗಿ ಕಲಾಯಿಯಾದ’ ಎಂದರೇನು? ಕಲಾಯಿಗಾರನು ಪಾತ್ರೆಯನ್ನು ಕಾಯಿಸಿ ಅದರ ಮೇಲೆ ನವಸಾಗರವನ್ನು ಉದುರಿಸುತ್ತಾನೆ. ಬಿಳಿಯ ಹೊಗೆ ಏಳುತ್ತದೆ. ನವಸಾಗರವು ಬಿಸಿಗೆ ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡುಗಳಾಗಿ ಒಡೆದು, ಲೋಹದ ಮೇಲಿನ ಆಕ್ಸೈಡಿನ ಪೊರೆಯನ್ನು ತೆಗೆದುಹಾಕುತ್ತದೆ. ಶುದ್ಧವಾದ ಆ ಮೈಯ ಮೇಲೆ ತವರದ ಕಡ್ಡಿಯನ್ನು ತೀಡಿ ಅರಿವೆಯಿಂದ ಒರಸಿದರೆ ಬೆಳ್ಳಿಯಂಥ ಹೊಳಪು ಮೂಡುತ್ತದೆ. ಶುದ್ಧ ತವರವು 232 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಅದಕ್ಕೆ ಸುಮಾರು ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಸೀಸವನ್ನು ಬೆರೆಸಿದರೆ 183 ಡಿಗ್ರಿಗೇ ಕರಗಿ ಸಲೀಸಾಗಿ ಹರಡುತ್ತದೆ. ಸೀಸವು ತವರಕ್ಕಿಂತ ಬಹಳ ಅಗ್ಗ. ಇದ್ದಲೂ ಉಳಿಯಿತು, ಹಣವೂ ಉಳಿಯಿತು! ಮೋಸಕ್ಕೆ ಇದಕ್ಕಿಂತ ಅನುಕೂಲವಾದ ಸಂದರ್ಭ ಬೇಕೆ? ಹೊಳಪಿನಲ್ಲಂತೂ ಹೊಸ ಕಲಾಯಿಗಳೆರಡಕ್ಕೂ ಭೇದ ಕಾಣುವುದಿಲ್ಲ. ಕಡ್ಡಿಯನ್ನು ನೋಡಿದವರಿಗೆ ಮಾತ್ರ ಗುರುತು ಹತ್ತೀತು: ಶುದ್ಧ ತವರದ ಕಡ್ಡಿ ಬಗ್ಗಿಸಿದಾಗ ಕಿರುಗುಟ್ಟುತ್ತದೆ, ಕಾಗದದ ಮೇಲೆ ಗೀರಿದರೆ ಗೆರೆ ಬಿಡುವುದಿಲ್ಲ; ಸೀಸ ಹೆಚ್ಚಾಗಿರುವುದು ಬೂದುಗೆರೆಯನ್ನು ಬಿಡುತ್ತದೆ.

ಸೀಸದ ಅಪಾಯವು ತಾಮ್ರದ್ದಕ್ಕಿಂತ ಬೇರೆಯ ಬಗೆಯದು. ಹೆಚ್ಚು ತಾಮ್ರ ಹೊಟ್ಟೆಗೆ ಹೋದರೆ ವಾಂತಿಯಾಗಿ ಕೂಡಲೇ ತಿಳಿಯುತ್ತದೆ. ಸೀಸವು ತಿಳಿಯಗೊಡುವುದಿಲ್ಲ. ಅದರ ಅಯಾನು ಶರೀರದಲ್ಲಿ ಕ್ಯಾಲ್ಷಿಯಮಿನ ವೇಷ ತಾಳಿ ನರಗಳನ್ನೂ ಮೂಳೆಗಳನ್ನೂ ಸೇರುತ್ತದೆ. ಮೂಳೆಯಲ್ಲಿ ದಶಕಗಳವರೆಗೂ ಉಳಿಯುತ್ತದೆ. ನುಂಗಿದ ಸೀಸದಲ್ಲಿ ಎಳೆಯ ಮಕ್ಕಳ ದೇಹವು ಹೀರಿಕೊಳ್ಳುವ ಪಾಲು ವಯಸ್ಕರದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು. ಹಾನಿಯಾಗುವುದು ಬೆಳೆಯುತ್ತಿರುವ ಮಿದುಳಿಗೆ. ಇಷ್ಟರವರೆಗೆ ನಿರಪಾಯವೆಂದು ಹೇಳಬಹುದಾದ ಸೀಸದ ಪ್ರಮಾಣ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ.

ಕಲಾಯಿ ವಿರಳವಾಗಿ ಅಲ್ಯೂಮಿನಿಯಂ ಬಂದುದರಿಂದ ಈ ಚಿಂತೆ ತಪ್ಪಿತೆಂದು ಬಹುಕಾಲ ಭಾವಿಸಲಾಗಿತ್ತು. ಅಲ್ಯೂಮಿನಿಯಮಿನ ಮೇಲೆ ತಾನಾಗಿಯೇ ಕಟ್ಟುವ ಆಕ್ಸೈಡಿನ ಪೊರೆ ಅದನ್ನು ಕಾಪಾಡುತ್ತದೆ. ಹುಳಿಗೂ ಅಡುಗೆಸೋಡಕ್ಕೂ ಆ ಪೊರೆ ಸವೆಯುವುದು ನಿಜವಾದರೂ, ಹೊಟ್ಟೆ ಸೇರಿದ ಅಲ್ಯೂಮಿನಿಯಮಿನ ಬಹುಪಾಲು ಹಾಗೆಯೇ ಹೊರಬೀಳುತ್ತದೆ. ತೊಡಕಿರುವುದು ಗುಜರಿಯಲ್ಲಿ. ಹಳೆಯ ಯಂತ್ರಭಾಗಗಳನ್ನು ಒಟ್ಟಿಗೆ ಕರಗಿಸಿ ಎರಕಹೊಯ್ದ ಪಾತ್ರೆಯಲ್ಲಿ ಸೀಸವೂ ಸೇರಿರಬಹುದು. ಅಮೆರಿಕದ ಸಿಯಾಟಲ್ ನಗರವಿರುವ ಕಿಂಗ್ ಕೌಂಟಿಯಲ್ಲಿ ಆಫ್ಘನ್ ನಿರಾಶ್ರಿತರ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಾಗಿದ್ದ ಕಾರಣವನ್ನು ಹುಡುಕಿದ ಆರೋಗ್ಯಾಧಿಕಾರಿಗಳು ಇಂಥ ಅಲ್ಯೂಮಿನಿಯಂ ಪಾತ್ರೆಗಳನ್ನೂ ಪ್ರೆಷರ್ ಕುಕ್ಕರುಗಳನ್ನೂ ಪರೀಕ್ಷಿಸಿ ಸೀಸವನ್ನು ಕಂಡರು. ಅದರ ಫಲವಾಗಿ ವಾಷಿಂಗ್ಟನ್ ರಾಜ್ಯವು 2024ರಲ್ಲಿ ಅಡುಗೆಪಾತ್ರೆಯ ಸೀಸಕ್ಕೆ ಮಿತಿ ಹಾಕುವ ಶಾಸನವನ್ನು ಮಾಡಿತು. 2025ರ ಆಗಸ್ಟಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹೊರದೇಶದ ಪಾತ್ರೆಗಳ ವಿಷಯದಲ್ಲಿ ನೀಡಿದ ಎಚ್ಚರಿಕೆಯಲ್ಲಿ ನಮ್ಮಲ್ಲಿ ಮನೆಮಾತಾದ ಹಿಂಡಾಲಿಯಂ ಹೆಸರೂ ಬಂದಿತು.

ನಮ್ಮ ಕೇಂದ್ರ ಸರಕಾರವು 2024ರ ಮಾರ್ಚ್ 14ರಂದು ಆದೇಶ ಹೊರಡಿಸಿ, ಉಕ್ಕಿನ ಪಾತ್ರೆಗಳಿಗೂ ಅಲ್ಯೂಮಿನಿಯಂ ಪಾತ್ರೆಗಳಿಗೂ ಐ.ಎಸ್.ಐ. ಗುರುತನ್ನು ಕಡ್ಡಾಯಗೊಳಿಸಿತು. ಅಲ್ಯೂಮಿನಿಯಮಿಗೆ ಅನ್ವಯಿಸುವ ಮಾನಕ ಐ.ಎಸ್. 1660, ಲೋಹದ ದರ್ಜೆ, ತಯಾರಿಕೆ, ಅಳತೆಗಳನ್ನು ಅದು ಗೊತ್ತುಪಡಿಸುತ್ತದೆ. ಇದು ಒಳ್ಳೆಯ ಕ್ರಮವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಈ ಕಟ್ಟಳೆಗಳ ವ್ಯಾಪ್ತಿಯನ್ನು ಗಮನಿಸಬೇಕು. ಆಹಾರದ ಕಾಯಿದೆಯು ಸಿಂಧನೂರಿನ ಖಾನಾವಳಿಯ ಪಾತ್ರೆಯನ್ನು ಹಿಡಿಯಬಲ್ಲದು. ಮಾನಕದ ಆದೇಶವು ಲಿಂಗಸುಗೂರಿನ ಅಂಗಡಿಯ ಹೊಸ ಪಾತ್ರೆಯನ್ನು ಹಿಡಿಯಬಲ್ಲದು. ಮಸ್ಕಿಯ ಮನೆಯೊಂದರಲ್ಲಿ ಇಪ್ಪತ್ತು ವರ್ಷ ಬಳಸಿದ ಬೋಗುಣಿಯನ್ನು ಎರಡೂ ಮುಟ್ಟುವುದಿಲ್ಲ.

ಆ ಬೋಗುಣಿಯಲ್ಲಿ ಸೀಸವಿದೆಯೇ ಎಂದು ಮನೆಯಲ್ಲಿ ತಿಳಿಯುವಂತಿಲ್ಲ. ಮಿಶ್ರಣದಲ್ಲಿ ಅಲ್ಪವಾಗಿರುವ ಸೀಸವು ಕಾಗದದ ಮೇಲೆ ಗೆರೆ ಬಿಡದು. ಪ್ರಯೋಗಶಾಲೆಯವರು ಶೇಕಡ 4ರ ಅಸಿಟಿಕ್ ಆಮ್ಲವನ್ನು ಅದರಲ್ಲಿ ಕುದಿಸಿ, 24 ಗಂಟೆ ಹಾಗೆಯೇ ಇರಿಸಿ, ಆಮ್ಲಕ್ಕೆ ಇಳಿದ ಸೀಸವನ್ನು ಅಳೆಯುತ್ತಾರೆ. ರಾತ್ರಿ ಮಿಕ್ಕ ಪುಂಡಿಪಲ್ಯವನ್ನು ಮರುದಿನದವರೆಗೆ ಅದೇ ಪಾತ್ರೆಯಲ್ಲಿ ಬಿಟ್ಟಾಗ ನಡೆಯುವುದೂ ಹೆಚ್ಚುಕಡಿಮೆ ಇದೇ ಪ್ರಯೋಗ.