ಡೇರೆಯ ರಂಗದಲ್ಲಿ ಬೆಳೆದ ನಟ

ಕಲಾವಿದನು ಬೆಳೆಯಬೇಕಾದರೆ ಮಹಾನಗರವನ್ನೇ ಸೇರಬೇಕೆಂದು ಬಗೆಯುವವರು ಕೆನಡಾ ದೇಶದ ನಟ ವಿಲಿಯಂ ಹಟ್ ಅವರ ಚರಿತ್ರೆಯನ್ನು ತಿಳಿಯುವುದು ಒಳಿತು.

1920ರಲ್ಲಿ ಟೊರಾಂಟೊ ನಗರದಲ್ಲಿ ಜನಿಸಿದ ಇವರು ಎರಡನೆಯ ಮಹಾಯುದ್ಧದಲ್ಲಿ ಗಾಯಾಳುಗಳ ಶುಶ್ರೂಷಾ ದಳವನ್ನು ಸೇರಿ, ಇಟಲಿಯಲ್ಲಿ ತೋರಿದ ಧೈರ್ಯಕ್ಕಾಗಿ ಮಿಲಿಟರಿ ಪದಕವನ್ನು ಪಡೆದರು. ಬಳಿಕ ವಿಶ್ವವಿದ್ಯಾಲಯದ ವ್ಯಾಸಂಗವನ್ನು ಮುಗಿಸಿ ರಂಗಭೂಮಿಗೆ ಬಂದರು.

1953ರಲ್ಲಿ ಒಂಟಾರಿಯೊ ಪ್ರಾಂತದ ಸ್ಟ್ರಾಟ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಷೇಕ್ಸ್‌ಪಿಯರನ ನಾಟಕೋತ್ಸವವು ದೊಡ್ಡದೊಂದು ಡೇರೆಯೊಳಗೆ ಆರಂಭವಾಯಿತು. ಪ್ರಧಾನ ಪಾತ್ರಕ್ಕೆ ಇಂಗ್ಲೆಂಡಿನಿಂದ ಅಲೆಕ್ ಗಿನ್ನೆಸ್ ಬಂದಿದ್ದರು. ಹಟ್ ಅವರಿಗೆ ದೊರೆತವು ಚಿಕ್ಕ ಪಾತ್ರಗಳು. ಅವರು ಬೇಸರಿಸಲಿಲ್ಲ. ನ್ಯೂಯಾರ್ಕಿನ ರಂಗದಲ್ಲಿ ಅಭಿನಯಿಸಿದ ಮೇಲೆಯೂ ಈ ಊರಿಗೇ ಮರಳಿದರು. 1972ರಲ್ಲಿ ಇಲ್ಲಿಯೇ ಲಿಯರ್ ಮಹಾರಾಜನಾದರು. 1974ರಲ್ಲಿ ದೂರದರ್ಶನದ ಧಾರಾವಾಹಿಯೊಂದರಲ್ಲಿ ಕೆನಡಾದ ಪ್ರಥಮ ಪ್ರಧಾನಿ ಮ್ಯಾಕ್‌ಡೊನಾಲ್ಡರ ಪಾತ್ರವನ್ನು ವಹಿಸಿ ಮನೆಮನೆಗೂ ಪರಿಚಿತರಾದರು. 2005ರಲ್ಲಿ, ತಮ್ಮ 85ನೆಯ ವಯಸ್ಸಿನಲ್ಲಿ, ಪ್ರಾಸ್ಪೆರೊ ಪಾತ್ರದೊಡನೆ ಸ್ಟ್ರಾಟ್‌ಫರ್ಡಿನ ರಂಗದಿಂದ ಬೀಳ್ಕೊಂಡರು. 2007ರಲ್ಲಿ ಆ ಊರಿನಲ್ಲಿಯೇ ನಿಧನ ಹೊಂದಿದರು.

ವಿದ್ಯಾರ್ಥಿಗಳೇ, ಶಾಲೆಯ ನಾಟಕದಲ್ಲಿ ದ್ವಾರಪಾಲಕನ ಪಾತ್ರವು ಬಂದಿತೆಂದು ಮುಖ ಬಾಡಿಸಬೇಡಿರಿ. ತಾಯ್ತಂದೆಗಳೂ ಅದನ್ನು ಅಲ್ಪವೆಂದೆಣಿಸದಿರಲಿ. ಚಿಕ್ಕ ಪಾತ್ರವನ್ನು ಶ್ರದ್ಧೆಯಿಂದ ನಿರ್ವಹಿಸಿದವನಿಗೇ ದೊಡ್ಡ ಪಾತ್ರವನ್ನು ಹೊರುವ ಶಕ್ತಿಯು ಬರುವುದು.