ಅಂತರಜಾಲದ ಶೋಧಕ ಯಂತ್ರಗಳು: ಫಲಿತಾಂಶಗಳನ್ನು ತೂಗಿ ನೋಡುವ ಬಗೆ

ಅಂತರಜಾಲದ ಅಸಂಖ್ಯ ಪುಟಗಳ ನಡುವಿನಿಂದ ನಮಗೆ ಬೇಕಾದುದನ್ನು ಹುಡುಕಿ ಮುಂದಿಡುವ ವ್ಯವಸ್ಥೆಗೆ ಶೋಧಕ ಯಂತ್ರ ಅಥವಾ ಸರ್ಚ್ ಎಂಜಿನ್ ಎಂದು ಹೆಸರು. ಅಂಚೆ ಕಚೇರಿಯ ವೇಳೆಯಿಂದ ಹಿಡಿದು ಔಷಧಿಯ ಅಡ್ಡ ಪರಿಣಾಮದವರೆಗೆ ಅನೇಕ ಪ್ರಶ್ನೆಗಳನ್ನು ಜನರು ಇಂದು ಮೊದಲು ಕೇಳುವುದು ಇದನ್ನೇ. ಆದರೆ ಮೊದಲು ಕಾಣುವ ಉತ್ತರವೇ ಸರಿಯಾದ ಉತ್ತರವೆಂದು ನಂಬಬಹುದೇ? ಒಂದು ಯಂತ್ರಕ್ಕೂ ಇನ್ನೊಂದಕ್ಕೂ ಇರುವ ಅಂತರವನ್ನು ಸಾಮಾನ್ಯರು ಅಳೆಯುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕನ್ನಡಿಗರನ್ನು ನೋಯಿಸಿದ ಒಂದು ಉತ್ತರ

2021ರ ಜೂನ್ ತಿಂಗಳಲ್ಲಿ, ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ಪುಟದ ಮೇಲ್ಭಾಗದ ಉತ್ತರದ ಚೌಕಟ್ಟಿನಲ್ಲಿ ಕನ್ನಡದ ಹೆಸರು ಕಾಣಿಸಿಕೊಂಡಿತು. ನಾಡಿನಾದ್ಯಂತ ಆಕ್ರೋಶ ವ್ಯಕ್ತವಾಯಿತು. ಕರ್ನಾಟಕ ಸರ್ಕಾರವು ಕಾನೂನು ನೋಟಿಸು ನೀಡುವುದಾಗಿ ಪ್ರಕಟಿಸಿತು. ಸಂಸ್ಥೆಯು ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಯಾಚಿಸಿತು.

ಆ ಯಂತ್ರಕ್ಕೆ ಕನ್ನಡದ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಪ್ರಶ್ನೆಯಲ್ಲಿದ್ದ ಪದಗಳಿಗೆ ಹೊಂದುವ ಬರಹವನ್ನು ಯಾವುದೋ ಪುಟದಿಂದ ಎತ್ತಿ, ಅದನ್ನು ಉತ್ತರದ ಸ್ಥಾನದಲ್ಲಿ ಕೂರಿಸಿತ್ತು, ಅಷ್ಟೆ. ಪ್ರಶ್ನೆಯೇ ಬುಡವಿಲ್ಲದ್ದಾದರೆ ಉತ್ತರವೂ ಬುಡವಿಲ್ಲದ್ದಾಗುತ್ತದೆ. ಯಂತ್ರವು ಪುಟಗಳನ್ನು ಸಾಲಾಗಿ ನಿಲ್ಲಿಸುತ್ತದೆಯೇ ಹೊರತು ಅವುಗಳ ಸತ್ಯಾಸತ್ಯತೆಯ ಬಗ್ಗೆ ತೀರ್ಪು ನೀಡುವುದಿಲ್ಲ ಎಂಬುದು ಈ ಘಟನೆಯಿಂದ ಕಲಿಯಬೇಕಾದ ಪಾಠ.

ಯಂತ್ರದ ಕಾರ್ಯವಿಧಾನ

ಶೋಧಕ ಯಂತ್ರದ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದಾಗಿ, ಅದರ ತಂತ್ರಾಂಶವು ಕೊಂಡಿಯಿಂದ ಕೊಂಡಿಗೆ ಸಾಗುತ್ತಾ ಪುಟಗಳನ್ನು ಸಂಗ್ರಹಿಸುತ್ತದೆ. ಎರಡನೆಯದಾಗಿ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ, ಯಾವ ಪದ ಎಲ್ಲೆಲ್ಲಿ ಇದೆ ಎಂಬ ಸೂಚಿಯನ್ನು ಸಿದ್ಧಪಡಿಸುತ್ತದೆ. ಮೂರನೆಯದಾಗಿ, ಪ್ರಶ್ನೆ ಬಂದಾಗ ಹೊಂದುವ ಪುಟಗಳನ್ನು ಆರಿಸಿ ಅವುಗಳಿಗೆ ಸ್ಥಾನ ನೀಡುತ್ತದೆ. 1998ರಲ್ಲಿ ಸ್ಥಾಪನೆಗೊಂಡ ಗೂಗಲ್, ಒಂದು ಪುಟಕ್ಕೆ ಇತರ ಪುಟಗಳು ನೀಡುವ ಕೊಂಡಿಗಳನ್ನು ಶಿಫಾರಸುಗಳೆಂದು ಎಣಿಸುವ ಕ್ರಮದಿಂದ ಪ್ರಸಿದ್ಧಿಗೆ ಬಂದಿತು.

ಯಂತ್ರಗಳ ಹೆಸರು ಬೇರೆಯಾದ ಮಾತ್ರಕ್ಕೆ ಸೂಚಿಯೂ ಬೇರೆಯೆಂದು ಭಾವಿಸಬಾರದು. ಮೈಕ್ರೋಸಾಫ್ಟ್ ಸಂಸ್ಥೆಯು 2009ರಲ್ಲಿ ಆರಂಭಿಸಿದ ಬಿಂಗ್ ತನ್ನದೇ ಸೂಚಿಯನ್ನು ಹೊಂದಿದೆ. ಡಕ್‌ಡಕ್‌ಗೋ ತನ್ನ ಕೊಂಡಿಗಳನ್ನು ಬಹುಮಟ್ಟಿಗೆ ಬಿಂಗ್‌ನಿಂದಲೇ ಪಡೆಯುತ್ತದೆ. ಆದಕಾರಣ ಇವೆರಡೂ ಒಂದೇ ಉತ್ತರ ನೀಡಿದರೆ ಎರಡು ಸಾಕ್ಷಿಗಳು ದೊರೆತಂತಾಗುವುದಿಲ್ಲ.

ಹೋಲಿಸುವ ಕ್ರಮ

ಫಲಿತಾಂಶಗಳ ಗುಣಮಟ್ಟ ಅಳೆಯಲು ತಜ್ಞರು ಎರಡು ಮಾನದಂಡಗಳನ್ನು ಬಳಸುತ್ತಾರೆ. ದೊರೆತವುಗಳಲ್ಲಿ ಉಪಯುಕ್ತವಾದವು ಎಷ್ಟು ಎಂಬುದು ನಿಖರತೆ. ಇರುವ ಉಪಯುಕ್ತ ಪುಟಗಳಲ್ಲಿ ದೊರೆತವು ಎಷ್ಟು ಎಂಬುದು ವ್ಯಾಪ್ತಿ. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ನಡೆದ ಪ್ರಯೋಗಗಳು ಈ ಅಳತೆಗೆ ಭದ್ರ ಬುನಾದಿ ಹಾಕಿದವು.

ಓದುಗರು ಮನೆಯಲ್ಲಿಯೇ ಇದನ್ನು ಪ್ರಯೋಗಿಸಬಹುದು. ಉತ್ತರ ತಮಗೆ ಖಚಿತವಾಗಿ ಗೊತ್ತಿರುವ ಐದು ಪ್ರಶ್ನೆಗಳನ್ನು ಬರೆದುಕೊಳ್ಳಿ. ಒಂದೇ ಪದಗಳಲ್ಲಿ ಅವನ್ನು ಗೂಗಲ್ ಮತ್ತು ಬಿಂಗ್ ಎರಡರಲ್ಲೂ ಕೇಳಿ. ಜಾಹೀರಾತುಗಳನ್ನು ಬಿಟ್ಟು ಮೊದಲ ಹತ್ತು ಪುಟಗಳನ್ನು ತೆರೆದು ನೋಡಿ. ಹತ್ತರಲ್ಲಿ ಆರು ಉಪಯುಕ್ತವಾದರೆ ನಿಖರತೆ ಶೇಕಡ 60. ಒಂದರಲ್ಲಿ ಸಿಕ್ಕಿ ಇನ್ನೊಂದರಲ್ಲಿ ಸಿಗದ ಒಳ್ಳೆಯ ಪುಟಗಳನ್ನೂ ಗುರುತಿಸಿಕೊಂಡರೆ ವ್ಯಾಪ್ತಿಯ ಅಂದಾಜು ದೊರೆಯುತ್ತದೆ.

ಕನ್ನಡದ ತೊಡಕುಗಳು

ಇದೇ ಪ್ರಯೋಗವನ್ನು ಕನ್ನಡದಲ್ಲಿ ಮಾಡಿದಾಗ ಕೆಲವು ವಿಶೇಷ ತೊಡಕುಗಳು ಎದುರಾಗುತ್ತವೆ. ನಮ್ಮ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಬರುತ್ತವೆ. 'ಕೆರೆ', 'ಕೆರೆಯ', 'ಕೆರೆಗಳಲ್ಲಿ' ಇವೆಲ್ಲ ಒಂದೇ ಪದದ ರೂಪಗಳೆಂದು ಅರಿಯದ ಯಂತ್ರವು ಒಂದು ರೂಪವನ್ನು ಹಿಡಿದು ಉಳಿದವನ್ನು ಕೈಬಿಡಬಹುದು. 'ಅರಸು' ಎಂದರೆ ಹುಡುಕು, 'ಅರಸು' ಎಂದರೆ ದೊರೆ. ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸು ಅವರ ಹೆಸರಿನಲ್ಲಿಯೂ ಅದೇ ಪದವಿದೆ. ಅದೊಂದನ್ನೇ ಬರೆದರೆ ನಮ್ಮ ಉದ್ದೇಶ ಯಂತ್ರಕ್ಕೆ ತಿಳಿಯುವುದು ಕಷ್ಟ. ಇದರ ಜೊತೆಗೆ, ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕನ್ನಡ ಬರಹವು ಯಂತ್ರದ ಕಣ್ಣಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಆದುದರಿಂದ, ಕನ್ನಡದಲ್ಲಿ ಹುಡುಕಿದಾಗ ಸಿಗದಿದ್ದರೆ ವಿಷಯವೇ ಇಲ್ಲವೆಂದು ತೀರ್ಮಾನಿಸದೆ, ಪದದ ಬೇರೆ ರೂಪಗಳಿಂದಲೂ ಇನ್ನೊಂದು ಯಂತ್ರದಲ್ಲಿಯೂ ಪ್ರಯತ್ನಿಸಬೇಕು.

ಸ್ಥಾನದ ಹಿಂದಿನ ಹಿತಾಸಕ್ತಿ

ಸ್ಥಾನ ನಿರ್ಣಯವು ವ್ಯಾಪಾರದ ವಿಷಯವೂ ಹೌದು. 2012ರಲ್ಲಿ ಬಂದ ದೂರುಗಳ ವಿಚಾರಣೆ ನಡೆಸಿದ ನವದೆಹಲಿಯ ಭಾರತೀಯ ಸ್ಪರ್ಧಾ ಆಯೋಗವು 2018ರ ಫೆಬ್ರವರಿ 8ರಂದು ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತು. ವಿಮಾನ ಪ್ರಯಾಣ ಕುರಿತ ಹುಡುಕಾಟದಲ್ಲಿ ಸಂಸ್ಥೆಯು ತನ್ನದೇ ಸೇವೆಗೆ ಪುಟದಲ್ಲಿ ಪ್ರಮುಖ ಸ್ಥಾನ ನೀಡಿದ್ದು ಆಯೋಗದ ಆಕ್ಷೇಪಗಳಲ್ಲಿ ಒಂದು. ಎಲ್ಲ ಆರೋಪಗಳನ್ನೂ ಆಯೋಗ ಒಪ್ಪಲಿಲ್ಲ. ಆದೇಶದ ವಿರುದ್ಧ ಗೂಗಲ್ ಮೇಲ್ಮನವಿಯನ್ನೂ ಸಲ್ಲಿಸಿತು. ಆದರೂ, ಮೇಲಿನ ಸ್ಥಾನ ಬೇರೆ ಕಾರಣಗಳಿಂದಲೂ ದೊರೆಯಬಹುದೆಂಬ ಎಚ್ಚರಿಕೆ ಇದರಲ್ಲಿದೆ.

ನಾಗರಿಕರಿಗೆ ಸೂಚನೆ

ಈ ಎಚ್ಚರಿಕೆ ಕೇವಲ ಜ್ಞಾನದ ಮಾತಲ್ಲ, ಹಣದ ಮಾತೂ ಹೌದು. ವಂಚಕರು ಬ್ಯಾಂಕುಗಳ ಗ್ರಾಹಕ ಸೇವೆಯ ಹೆಸರಿನಲ್ಲಿ ಸುಳ್ಳು ದೂರವಾಣಿ ಸಂಖ್ಯೆಗಳನ್ನು ಅಂತರಜಾಲದಲ್ಲಿ ಹರಡುತ್ತಾರೆ; ಪಾಸ್‌ಪೋರ್ಟ್ ಅರ್ಜಿಯ ಹೆಸರಿನಲ್ಲಿ ನಕಲಿ ತಾಣಗಳನ್ನು ತೆರೆಯುತ್ತಾರೆ. ಬ್ಯಾಂಕಿನ ಸಂಖ್ಯೆಯನ್ನು ಪಾಸ್‌ಬುಕ್ಕಿನಿಂದ ಅಥವಾ ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಸೇವೆಯ ಅಧಿಕೃತ ತಾಣದ ವಿಳಾಸವು 'ಡಾಟ್ ಜಿಒವಿ ಡಾಟ್ ಇನ್' ಎಂದು ಕೊನೆಗೊಳ್ಳುತ್ತದೆ ಎಂಬುದನ್ನು ಗಮನಿಸಿ. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಯ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಿ.

ಯಾವ ಯಂತ್ರವೂ ಎಲ್ಲ ಪ್ರಶ್ನೆಗಳಿಗೂ ಶ್ರೇಷ್ಠವಲ್ಲ. ಈಗ ಪುಟದ ತಲೆಯಲ್ಲಿ ಕಾಣುವ ಕೃತಕ ಬುದ್ಧಿಮತ್ತೆಯ ಸಾರಾಂಶಗಳಿಗೂ ಈ ಮಾತು ಅನ್ವಯಿಸುತ್ತದೆ. ಸಂತೆಯಲ್ಲಿ ಮೊದಲ ಅಂಗಡಿಯಲ್ಲೇ ಸರಕು ಕೊಳ್ಳದೆ ನಾಲ್ಕು ಕಡೆ ವಿಚಾರಿಸುವ ನಮ್ಮ ಹಿರಿಯರ ಜಾಣ್ಮೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ: ಎರಡು ಕಡೆ ಕೇಳಿ, ಮೂಲ ಪುಟವನ್ನು ತೆರೆದು ಓದಿ, ಬರೆದವರು ಯಾರೆಂದು ನೋಡಿ, ಆಮೇಲೆ ನಂಬಿ.